ಆಮೆನ್ ಅಂದ ಮೇಲೆ ನಿದ್ದೆ ಬರುತ್ತಾ?

ಕಳೆದ ವರ್ಷ ಒಂದು ಸಂಜೆ ಆಫೀಸಿನಿಂದ ಮೇಲ್ ಬಂತು. ನಾಲ್ಕೇ ಸಾಲು. ನಿಮ್ಮ ವಿಭಾಗವನ್ನು ಮುಚ್ಚುತ್ತಿದ್ದೇವೆ, ಇನ್ನೆರಡು ತಿಂಗಳು ಸಂಬಳ ಬರುತ್ತದೆ, ಆಮೇಲೆ ನಿಮ್ಮ ದಾರಿ ನಿಮಗೆ ಅನ್ನೋದನ್ನು ತುಂಬಾ ವಿನಯವಾಗಿ ಹೇಳಿದ್ದರು. ಕೊನೆಯಲ್ಲಿ ಶುಭ ಹಾರೈಕೆ ಬೇರೆ. ಎರಡು ಸಲ ಓದಿದೆ. ಮೂರನೇ ಸಲ ಓದುವಾಗ ಅಕ್ಷರ ಕಾಣುತ್ತಿತ್ತು, ಅರ್ಥ ಮಾತ್ರ ತಲೆಗೆ ಹೋಗುತ್ತಿರಲಿಲ್ಲ.

ಹೆಂಡತಿಗೆ ಹೇಳಿದೆ. ಮಕ್ಕಳು ಮಲಗಿದ ಮೇಲೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಗ ನೆನಪಾದವನು ಬೈಬಲಿನ ಅರಸ ಹಿಜ್ಕೀಯ. ಅಶ್ಶೂರದ ಅರಸ ಸನ್ಹೇರೀಬ ಅವನಿಗೆ ಬೆದರಿಕೆ ಪತ್ರ ಕಳಿಸಿದ್ದ. ನಿಮ್ಮ ದೇವರು ಯೆರೂಸಲೇಮನ್ನು ಉಳಿಸುತ್ತಾನೆ ಅಂತ ನಂಬಿ ಮೋಸ ಹೋಗಬೇಡಿ ಅಂತ. ಹಿಜ್ಕೀಯ ಅದನ್ನು ಓದಿದ, ದೇವಾಲಯಕ್ಕೆ ಹೋದ, ಪತ್ರವನ್ನು ದೇವರ ಮುಂದೆ ಬಿಚ್ಚಿ ಹರಡಿದ. ಎರಡನೇ ಅರಸುಗಳು 19ನೇ ಅಧ್ಯಾಯದಲ್ಲಿದೆ. ಮಗು ಹರಿದ ಪುಸ್ತಕ ತಂದು ಅಮ್ಮನ ಮುಂದೆ ಹಿಡಿಯುವುದಿಲ್ವಾ, ಹಾಗೆ.

ನಾನೂ ಹಾಗೇ ಮಾಡೋಣ ಅಂತ ಮೊಬೈಲಿನಲ್ಲಿ ಆ ಮೇಲ್ ತೆರೆದು ಮಂಚದ ಮೇಲಿಟ್ಟು ಮೊಣಕಾಲೂರಿದೆ. "ಕರ್ತನೇ, ನೀನೇ ನೋಡು" ಅಂದೆ. ಮುಂದಿನ ಮಾತು ಹುಡುಕುವಷ್ಟರಲ್ಲಿ ಸ್ಕ್ರೀನ್ ಆಫ್ ಆಯಿತು. ಮತ್ತೆ ಒತ್ತಿದೆ, ಪಾಸ್‌ವರ್ಡ್ ಕೇಳಿತು, ಹಾಕಿದೆ. ಕಣ್ಣು ಮುಚ್ಚಿದೆ. ಮತ್ತೆ ಆಫ್. ಮೂರನೇ ಸಲಕ್ಕೆ ನನಗೇ ನಗು ಬಂತು, ದೇವರಿಗೆ ಓದೋಕೆ ಬೆಳಕು ಬೇಕೇನೋ ಅನ್ನೋ ಥರ ಆಡ್ತಿದ್ದೆ. ಹಾಗೇ ಕಪ್ಪಗೆ ಬಿಟ್ಟು ಪ್ರಾರ್ಥನೆ ಮುಂದುವರಿಸಿದೆ.

ಅದು ಪ್ರಾರ್ಥನೆ ಅನ್ನೋದಕ್ಕಿಂತ ಅರ್ಜಿ. ಎಂಥ ಕೆಲಸ ಬೇಕು, ಎಷ್ಟು ದಿನದೊಳಗೆ ಬೇಕು, ಅದಕ್ಕೆ ಯಾರ ಮನಸ್ಸನ್ನು ದೇವರು ಹೇಗೆ ತಿರುಗಿಸಬಹುದು ಅನ್ನೋ ಸಲಹೆ ಸಮೇತ ಎಲ್ಲ ಹೇಳಿದೆ. ಕೊನೆಗೆ "ನಿನ್ನ ಚಿತ್ತದಂತೆ ಆಗಲಿ" ಅಂತ ಸೇರಿಸಿದೆ, ಅರ್ಜಿಯ ಕೆಳಗೆ ‘ಇಂತಿ ತಮ್ಮ ವಿಶ್ವಾಸಿ’ ಅಂತ ಬರೆಯುತ್ತೇವಲ್ಲ, ಅದೇ ರೀತಿ. ಬರೆಯಬೇಕಲ್ಲ ಅಂತ ಬರೆಯೋದು. ಆ ವಿಶ್ವಾಸಿಗೂ ನಾವು ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹೇಳುವ ವಿಶ್ವಾಸಿಗೂ ಪದ ಒಂದೇ ಅಂತ ಆಗ ಹೊಳೆಯಲಿಲ್ಲ. ಆಮೆನ್ ಅಂದು ಎದ್ದೆ, ಮಲಗಿದೆ, ರಾತ್ರಿ ಎರಡು ಗಂಟೆಯ ತನಕ ಸಾಲದ ಕಂತು, ಮಕ್ಕಳ ಫೀಸು, ಉಳಿತಾಯ ಎಷ್ಟು ತಿಂಗಳು ಬರುತ್ತೆ ಅಂತ ಮನಸ್ಸಿನಲ್ಲೇ ಕೂಡಿ ಕಳೆದೆ. ಹತ್ತು ನಿಮಿಷದ ಹಿಂದೆ ದೇವರ ಕೈಗೆ ಕೊಟ್ಟೆ ಅಂದಿದ್ದನ್ನು ಎದ್ದ ತಕ್ಷಣ ನಾನೇ ವಾಪಸ್ ತಗೊಂಡು ಬಂದಿದ್ದೆ.

ಹೀಗೆ ಒಂದು ವಾರ ನಡೆಯಿತು. ಎಂಟನೆಯದೋ ಒಂಬತ್ತನೆಯದೋ ರಾತ್ರಿ, ನಾನೂ ಹೆಂಡತಿಯೂ ಒಟ್ಟಿಗೆ ಪ್ರಾರ್ಥನೆಗೆ ಕೂತಾಗ, ನಾನು ನನ್ನ ಅರ್ಜಿ ಮುಗಿಸಿದ ಮೇಲೆ ಅವಳು ಒಂದೇ ಮಾತು ಹೇಳಿದಳು.

"ಅಪ್ಪಾ, ಇವರಿಗೆ ಇವತ್ತು ನಿದ್ದೆ ಕೊಡು."

ಅಷ್ಟೇ. ಆಮೆನ್. ನನಗೆ ಸಿಟ್ಟೇ ಬಂತು. "ಕೇಳೋದು ಕೇಳ್ತೀಯ, ಕೆಲಸ ಕೇಳಬಾರದಾ? ನಿದ್ದೆ ಕೇಳ್ತಾರಾ ಯಾರಾದ್ರೂ?" ಅಂದೆ. ಅವಳು ದೀಪ ಆರಿಸುತ್ತಾ "ಕೆಲಸ ನೀವು ಕೇಳಿದ್ರಲ್ಲ ರೀ, ಇಷ್ಟು ಹೊತ್ತು" ಅಂದಳು. ಇದಕ್ಕೇನು ಉತ್ತರ ಕೊಡೋದು?

ಆ ರಾತ್ರಿ ನಿದ್ದೆ ಬಂತು. ಪವಾಡ ಅಂತ ಹೇಳುತ್ತಿಲ್ಲ, ವಾರದ ಸುಸ್ತೂ ಇರಬಹುದು. ಆದರೆ ಬೆಳಿಗ್ಗೆ ಎದ್ದಾಗ ಒಂದು ವಿಷಯ ಕಾಡೋಕೆ ಶುರುವಾಯಿತು. ಅವಳು ಕೇಳಿದ್ದು ಅದೊಂದು ರಾತ್ರಿಗೆ ಬೇಕಾದ್ದು. ನಾನು ಕೇಳುತ್ತಿದ್ದದ್ದು ಮುಂದಿನ ಹತ್ತು ವರ್ಷಕ್ಕೆ ಬೇಕಾದ್ದು, ಅದೂ ಇವತ್ತೇ.

ಅಲ್ಲಿಂದ ನಾನು ಸತ್ಯವೇದದಲ್ಲಿ ನಿದ್ದೆ ಮಾಡಿದವರನ್ನು ಹುಡುಕೋಕೆ ಹೊರಟೆ. ನಗಬೇಡಿ, ಕೆಲಸ ಹೋಗಲಿದ್ದವನ ಹತ್ತಿರ ಸಮಯ ಇರುತ್ತೆ. ಮೂರನೇ ಕೀರ್ತನೆ ನೋಡಿ, ಮಗ ಅಬ್ಷಾಲೋಮನೇ ತಿರುಗಿಬಿದ್ದಾಗ ದಾವೀದ ಓಡಿಹೋದ ಸಮಯದ್ದು ಅಂತ ಅದರ ತಲೆಬರಹ ಹೇಳುತ್ತದೆ. ಅಲ್ಲಿ ಅವನು ಮಲಗಿದೆ, ನಿದ್ದೆ ಮಾಡಿದೆ, ಎದ್ದೆ ಅನ್ನುತ್ತಾನೆ. ಸ್ವಂತ ಮಗ ಪ್ರಾಣ ತೆಗೆಯೋಕೆ ಬರುತ್ತಿರುವಾಗ ನಿದ್ದೆ! ಪ್ರವಾದಿ ಎಲೀಯ ಇದ್ದಾನೆ, ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು ಅಂತ ಕೇಳಿ ಒಂದು ಗಿಡದ ಕೆಳಗೆ ಮಲಗಿದವನು. ಅವನಿಗೆ ದೇವದೂತ ಮೊದಲು ಹೇಳಿದ್ದು ಉಪದೇಶ ಅಲ್ಲ. ಎದ್ದು ತಿನ್ನು ಅಂದ. ತಿಂದು ಮತ್ತೆ ಮಲಗಿದ, ದೂತ ಬೈಯಲಿಲ್ಲ, ಎರಡನೇ ಸಲ ಬಂದು ಮತ್ತೆ ತಿನ್ನು ಅಂದ. ಮಾತುಕತೆ ಎಲ್ಲ 40 ದಿನದ ನಡಿಗೆಯಾದ ಮೇಲೆ, ಬೆಟ್ಟದ ಹತ್ತಿರ. ಯೇಸು ಸ್ವಾಮಿ ಬಿರುಗಾಳಿಯಲ್ಲಿ ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದು ಎಲ್ಲರಿಗೂ ಗೊತ್ತು. ಆ ತಲೆದಿಂಬಿನ ವಿಷಯ ಮಾರ್ಕ ಮಾತ್ರ ಹೇಳುತ್ತಾನೆ. ನನಗೆ ಅದು ತುಂಬಾ ಇಷ್ಟ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಯೇಸುವಿನ ಶಿಷ್ಯ ಪೇತ್ರನ ನಿದ್ದೆ. ಅಪೊಸ್ತಲರ ಕೃತ್ಯಗಳು, 12ನೇ ಅಧ್ಯಾಯ. ಅರಸ ಹೆರೋದ ಅವನನ್ನು ಸೆರೆಗೆ ಹಾಕಿದ್ದಾನೆ. ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ತಂಡ ಕಾವಲು. ಬೆಳಗಾದರೆ ಜನರ ಮುಂದೆ ತಂದು ನಿಲ್ಲಿಸಬೇಕು. ಆ ರಾತ್ರಿ ಪೇತ್ರ ಎರಡು ಸರಪಳಿ ಕಟ್ಟಿಸಿಕೊಂಡು, ಇಬ್ಬರು ಸಿಪಾಯಿಗಳ ನಡುವೆ ನಿದ್ದೆ ಮಾಡುತ್ತಿದ್ದಾನೆ. ಎಂಥ ನಿದ್ದೆ ಅಂದರೆ, ದೇವದೂತ ಬಂದು ಕೋಣೆಯೆಲ್ಲ ಬೆಳಕಾದರೂ ಎಚ್ಚರ ಆಗಲಿಲ್ಲ, ಪಕ್ಕೆಗೆ ತಟ್ಟಿ ಎಬ್ಬಿಸಬೇಕಾಯಿತು. ಆಮೇಲೂ ಅವನಿಗೆ ಇದು ಕನಸೋ ನಿಜವೋ ಗೊತ್ತಾಗಲಿಲ್ಲ. ಸಭೆಯವರು ಎಚ್ಚರವಾಗಿದ್ದು ಪ್ರಾರ್ಥನೆ ಮಾಡುತ್ತಿದ್ದರು, ಯಾರಿಗಾಗಿ ಪ್ರಾರ್ಥನೆಯೋ ಅವನು ಗೊರಕೆ ಹೊಡೆಯುತ್ತಿದ್ದ. ಗೊರಕೆ ನಾನು ಸೇರಿಸಿದ್ದು.

ಮುಂದೆ ಇನ್ನೂ ಚೆನ್ನಾಗಿದೆ. ಪಟ್ಟಣದ ಕಡೆಗಿದ್ದ ಕಬ್ಬಿಣದ ಬಾಗಿಲು ತಾನಾಗಿಯೇ ತೆರೆಯಿತು. ಪೇತ್ರ ಬಿಡುಗಡೆಯಾಗಿ, ಪ್ರಾರ್ಥನೆ ನಡೆಯುತ್ತಿದ್ದ ಮನೆಗೇ ಬಂದು ಕದ ತಟ್ಟಿದ. ರೋದೆ ಅನ್ನೋ ಹುಡುಗಿ ದನಿ ಗುರುತಿಸಿದಳು, ಖುಷಿಯಲ್ಲಿ ಕದ ತೆಗೆಯೋದನ್ನೇ ಮರೆತು ಒಳಗೆ ಓಡಿದಳು. ಒಳಗಿದ್ದವರು ಏನಂದರು? ನಿನಗೆ ಹುಚ್ಚು ಅಂದರು. ಪೇತ್ರನ ಬಿಡುಗಡೆಗೆ ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದವರು! ಅವನು ಹೊರಗೆ ಪಾಪ ತಟ್ಟುತ್ತಲೇ ಇದ್ದ. ಸೆರೆಮನೆಯ ಬಾಗಿಲು ತೆರೆಯಿತು, ಪ್ರಾರ್ಥನಾ ಕೂಟದ ಬಾಗಿಲು ತೆರೆಯಲಿಲ್ಲ.

ನನಗೆ ಈ ಭಾಗ ಯಾಕೆ ಅಷ್ಟು ಆಪ್ತ ಅಂದರೆ, ಅದೇ ದಿನಗಳಲ್ಲಿ ಒಬ್ಬರು ಬಂದು, ಒಳ್ಳೆಯ ಮನಸ್ಸಿನಿಂದಲೇ, "ನಿಮ್ಮ ನಂಬಿಕೆಯಲ್ಲಿ ಏನೋ ಕೊರತೆ ಇದೆ, ಅದಕ್ಕೇ ಉತ್ತರ ತಡ ಆಗ್ತಿದೆ" ಅಂದು ಹೋಗಿದ್ದರು. ಈ ಮಾತು ಎಷ್ಟು ಸುಲಭ ಅಲ್ವಾ, ಹೇಳಿದವರು ಮನೆಗೆ ಹೋಗಿ ಮಲಗುತ್ತಾರೆ, ಕೇಳಿದವನು ರಾತ್ರಿಯೆಲ್ಲ ತನ್ನ ನಂಬಿಕೆಯನ್ನು ತೂಗುತ್ತಾ ಕೂರುತ್ತಾನೆ. ಪೇತ್ರನಿಗಾಗಿ ಪ್ರಾರ್ಥಿಸಿದವರ ನಂಬಿಕೆ ಬಾಗಿಲಿಗೆ ಬಂದವನನ್ನೂ ನಂಬದಷ್ಟು ಇತ್ತು. ಆದರೂ ಅವನು ಹೊರಗೆ ಬಂದ. ದೆವ್ವ ಹಿಡಿದ ತನ್ನ ಮಗನನ್ನು ಕರೆದುಕೊಂಡು ಬಂದ ಒಬ್ಬ ತಂದೆ ಯೇಸುವಿಗೆ ಹೇಳಿದ್ದೂ ಅದೇ, ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು ಅಂತ. ಅರ್ಧ ನಂಬಿಕೆ, ಅರ್ಧ ಅಪನಂಬಿಕೆ, ಎರಡೂ ಒಂದೇ ವಾಕ್ಯದಲ್ಲಿ. ಮಗ ಗುಣವಾದ.

ಇಲ್ಲಿಗೆ ನಿಲ್ಲಿಸಿಬಿಟ್ಟರೆ ಕಥೆ ಸಿಹಿಯಾಗಿರುತ್ತೆ. ಆದರೆ ಅದೇ 12ನೇ ಅಧ್ಯಾಯದ ಎರಡನೇ ವಚನದಲ್ಲಿ ಯೋಹಾನನ ಸಹೋದರ ಯಾಕೋಬನನ್ನು ಹೆರೋದ ಕತ್ತಿಯಿಂದ ಕೊಲ್ಲಿಸಿದ. ಒಂದೇ ವಚನ. ದೇವದೂತ ಬರಲಿಲ್ಲ, ಬಾಗಿಲು ತೆರೆಯಲಿಲ್ಲ. ಯಾಕೋಬನೂ ಅದೇ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬ, ಯೇಸು ರೂಪಾಂತರಗೊಂಡ ಬೆಟ್ಟಕ್ಕೆ ಪೇತ್ರನ ಜೊತೆಗೇ ಹೋದವನು. ಒಬ್ಬನಿಗೆ ಬಿಡುಗಡೆ, ಇನ್ನೊಬ್ಬನಿಗೆ ಕತ್ತಿ, ಯಾಕೆ ಅಂತ ಇದನ್ನು ಬರೆದ ಲೂಕ ಒಂದು ಪದವನ್ನೂ ಬರೆಯುವುದಿಲ್ಲ. ನಾವು ಸಾಕ್ಷಿ ಹೇಳುವಾಗ ಯಾವಾಗಲೂ ಪೇತ್ರನನ್ನು ಹೇಳುತ್ತೇವೆ. ಯಾಕೋಬನ ಮನೆಯವರೂ ಅದೇ ಸಭೆಯಲ್ಲಿ ಎಲ್ಲೋ ಹಿಂದೆ ಕೂತಿರುತ್ತಾರೆ. ಅವರ ಕೈಗೆ ಯಾರೂ ಮೈಕ್ ಕೊಡಲ್ಲ.

ಮತ್ತೆ ನಿದ್ದೆ ಬಾರದಿದ್ದರೆ ಅದು ಅಪನಂಬಿಕೆ ಅಂತಲೂ ನಾನು ಹೇಳುತ್ತಿಲ್ಲ. ಯೇಸು ಸೆರೆಯಾದ ರಾತ್ರಿ ಗೆತ್ಸೇಮನೆ ತೋಟದಲ್ಲಿ ನಿದ್ದೆ ಮಾಡಿದವರು ಶಿಷ್ಯರು, ಎಚ್ಚರವಾಗಿದ್ದವರು ಯೇಸು ಸ್ವಾಮಿ. ಮೂರು ಸಲ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದರು ಅಂತ ಮತ್ತಾಯ ಬರೆಯುತ್ತಾನೆ. ಹೇಳಿದ್ದನ್ನೇ ಹೇಳೋದು ನಂಬಿಕೆ ಇಲ್ಲದವರ ಲಕ್ಷಣ ಅಂತ ಯಾರಾದರೂ ಹೇಳಿದರೆ ಈ ಜಾಗ ತೋರಿಸಿ. ಅಪೊಸ್ತಲ ಪೌಲನೂ ಮೂರು ಸಲ ಕೇಳಿದ, ಶರೀರದಲ್ಲಿದ್ದ ಮುಳ್ಳು ತೆಗೆದುಹಾಕು ಅಂತ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನೋ ಉತ್ತರ ಬಂತು. ನಾವು ಆ ವಚನವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ, ಅದು ಒಂದು ‘ಇಲ್ಲ’ ಅನ್ನೋದನ್ನು ಮರೆತು.

ಯಾವುದಕ್ಕೂ ಚಿಂತೆ ಮಾಡಬೇಡಿರಿ ಅಂತ ಫಿಲಿಪ್ಪಿಯವರಿಗೆ ಬರೆದವನೂ ಇದೇ ಪೌಲ. ಬರೆದದ್ದು ಸೆರೆಯಲ್ಲಿ, ಬೇಡಿ ಹಾಕಿಸಿಕೊಂಡು. ಅದೇ ಮನುಷ್ಯ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 11ನೇ ಅಧ್ಯಾಯದಲ್ಲಿ ತನಗೆ ದಿನದಿನವೂ ಎಲ್ಲಾ ಸಭೆಗಳ ಚಿಂತೆ ಇದೆ ಅಂತ ಒಪ್ಪಿಕೊಳ್ಳುತ್ತಾನೆ. ಎರಡೂ ಕಡೆ ಗ್ರೀಕಿನಲ್ಲಿರೋದು ಒಂದೇ ಬೇರಿನ ಪದ. ನನಗೆ ಇದು ತಿಳಿದ ದಿನ ಎಷ್ಟು ಹಗುರ ಅನ್ನಿಸಿತು ಅಂದರೆ, ಚಿಂತೆ ಮಾಡಬೇಡ ಅಂತ ಹೇಳುವವನಿಗೂ ಬೆಳಿಗ್ಗೆ ಎದ್ದರೆ ಚಿಂತೆ ಬರುತ್ತಿತ್ತು. ಬಂದಾಗ ಅದನ್ನು ಎಲ್ಲಿಗೆ ಒಯ್ಯಬೇಕು ಅಂತ ಅವನಿಗೆ ಗೊತ್ತಿತ್ತು, ಅಷ್ಟೇ.

ಹೆಂಡತಿಯ ಪ್ರಾರ್ಥನೆಗೆ ವಾಪಸ್ ಬರ್ತೀನಿ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಚಿಕ್ಕಂದಿನಿಂದ ಎಷ್ಟು ಸಾವಿರ ಸಲ ಹೇಳಿದ್ದೇನೋ. ನಾಲಿಗೆಗೆ ರೂಢಿಯಾಗಿ ಕಿವಿಗೆ ಬೀಳೋದೇ ನಿಂತುಹೋಗಿತ್ತು. ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು.’ ಈ ಹೊತ್ತು. ಈ ತಿಂಗಳು ಅಲ್ಲ, ನಿವೃತ್ತಿಯ ತನಕ ಅಲ್ಲ. ಇಲ್ಲಿ ಒಂದು ಸಣ್ಣ ಸ್ವಾರಸ್ಯ ಹೇಳಿಬಿಡ್ತೀನಿ. ‘ಅನುದಿನದ’ ಅಂತ ನಾವು ಓದುವ ಜಾಗದಲ್ಲಿ ಗ್ರೀಕಿನಲ್ಲಿರುವ ಪದ ಎಪಿಯೂಸಿಯೋಸ್. ಹೊಸ ಒಡಂಬಡಿಕೆಯಲ್ಲಿ ಅದು ಈ ಪ್ರಾರ್ಥನೆಯಲ್ಲಿ ಬಿಟ್ಟರೆ ಬೇರೆಲ್ಲೂ ಬರುವುದಿಲ್ಲ. ಅದರ ಅರ್ಥ ಇವತ್ತಿಗೆ ಬೇಕಾದದ್ದೋ, ಬರುವ ದಿನದ್ದೋ, ಬದುಕಲು ಬೇಕಾದಷ್ಟೋ ಅಂತ ಪಂಡಿತರ ನಡುವೆ ಇನ್ನೂ ಚರ್ಚೆ ಇದೆ. ಎಷ್ಟೇ ಎಳೆದರೂ ಅದು ನಾಳೆಯ ತನಕ ಹೋಗುತ್ತೆ, ಹತ್ತು ವರ್ಷಕ್ಕೆ ಹೋಗಲ್ಲ.

ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ ಮನ್ನಾದ ವಿಷಯವೂ ಅದೇ. ವಿಮೋಚನಕಾಂಡ 16. ಒಬ್ಬೊಬ್ಬರಿಗೆ ಒಂದು ಓಮೆರ್ ಅನ್ನೋ ಅಳತೆಯಷ್ಟು, ಆಯಾ ದಿನದ್ದು ಆಯಾ ದಿನ. ನಾಳೆಗೆ ಇರಲಿ ಅಂತ ಎತ್ತಿಟ್ಟವರದ್ದು ಬೆಳಗಾಗುವಷ್ಟರಲ್ಲಿ ಹುಳಬಿದ್ದು ನಾರುತ್ತಿತ್ತು. ಸಬ್ಬತ್ತಿನ, ಅಂದರೆ ವಿಶ್ರಾಂತಿ ದಿನದ, ಹಿಂದಿನ ದಿನ ಮಾತ್ರ ಎರಡರಷ್ಟು ಕೂಡಿಸಬಹುದಿತ್ತು, ಅದು ಕೆಡುತ್ತಿರಲಿಲ್ಲ. ಉಳಿತಾಯ ಮಾಡಬಾರದು ಅಂತ ಇದರ ಅರ್ಥ ಅಂತ ನಾನು ಹೇಳೋದಿಲ್ಲ. ಯೋಸೇಫ ಏಳು ವರ್ಷ ಧಾನ್ಯ ಕೂಡಿಟ್ಟ, ಅದೂ ದೇವರು ತೋರಿಸಿದ ದಾರಿಯೇ. ನನ್ನ ಉಳಿತಾಯದಿಂದಲೇ ನಾವು ಆಮೇಲೆ ಐದು ತಿಂಗಳು ನಡೆಸಿದ್ದು. ನನ್ನಲ್ಲಿ ಹುಳಬಿದ್ದದ್ದು ದುಡ್ಡಿಗಲ್ಲ. ನಾಳೆಯ ಭಯವನ್ನು ಇವತ್ತೇ ಡಬ್ಬಿಗೆ ತುಂಬಿಟ್ಟುಕೊಂಡಿದ್ದೆನಲ್ಲ, ಅದಕ್ಕೆ.

ದಿನದ ನಡುವಿನ ಪ್ರಾರ್ಥನೆಯ ಬಗ್ಗೆಯೂ ಎರಡು ಮಾತು. ಬೆಳಿಗ್ಗೆ ಒಂದು ಗಂಟೆ ಕೂರೋಕೆ ಆಗಲ್ಲ ಅಂತ ಕೊರಗುವವರು ತುಂಬಾ ಜನ, ಅದರಲ್ಲೂ ಚಿಕ್ಕ ಮಕ್ಕಳ ತಾಯಂದಿರು. ಪಾರಸಿಯ ಅರಸನಿಗೆ ಪಾನದಾಯಕನಾಗಿದ್ದ ನೆಹೆಮೀಯನನ್ನು ನೋಡಿ. ಅರಸನು ನಿನಗೇನು ಬೇಕು ಅಂತ ಕೇಳಿದ. ನೆಹೆಮೀಯ ಪರಲೋಕದ ದೇವರಿಗೆ ಪ್ರಾರ್ಥಿಸಿ ಅರಸನಿಗೆ ಉತ್ತರ ಕೊಟ್ಟ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಸಮಯ ಇತ್ತು ಅಂತೀರಿ? ಅರಸನನ್ನು ಕಾಯಿಸೋಕಾಗುತ್ತಾ? ಉಸಿರು ಎಳೆದುಕೊಳ್ಳುವಷ್ಟು. ಆದರೆ ಅದಕ್ಕೂ ಮುಂಚೆ, ಕಿಸ್ಲೇವ್ ತಿಂಗಳಿಂದ ನೀಸಾನ್ ತಿಂಗಳ ತನಕ, ಅಂದರೆ ಸುಮಾರು ನಾಲ್ಕು ತಿಂಗಳು ಅವನು ಪಾಳುಬಿದ್ದ ಯೆರೂಸಲೇಮಿನ ವಿಷಯ ಹೊತ್ತುಕೊಂಡು ಪ್ರಾರ್ಥಿಸಿದ್ದ. ನನ್ನ ಇಂಟರ್‌ವ್ಯೂಗಳಲ್ಲಿ ನಾನು ಇದನ್ನೇ ಮಾಡಿದೆ. ಪ್ರಶ್ನೆ ಕೇಳಿದ ಮೇಲೆ, ಬಾಯಿ ತೆರೆಯುವ ಮುಂಚೆ, ಒಳಗೇ ‘ಅಪ್ಪಾ’ ಅಂತ ಒಂದು ಪದ. ಕೆಲಸ ಸಿಗದ ಇಂಟರ್‌ವ್ಯೂಗಳಲ್ಲೂ ಹೇಳಿದ್ದೆ, ಅದೂ ಗೊತ್ತಿರಲಿ.

ಮತ್ತೆ ಹನ್ನ. ಅವಳನ್ನು ಬಿಟ್ಟು ಈ ವಿಷಯ ಮುಗಿಸೋಕಾಗಲ್ಲ. ಮಕ್ಕಳಿಲ್ಲ, ಸವತಿಯ ಕುಹಕ, ಅತ್ತು ಅತ್ತು ಊಟ ಬಿಟ್ಟಿದ್ದಳು. ಶಿಲೋವಿನ ದೇವಾಲಯದಲ್ಲಿ ತುಟಿ ಮಾತ್ರ ಅಲುಗಾಡಿಸಿ ಪ್ರಾರ್ಥಿಸಿದಾಗ ಯಾಜಕ ಏಲಿ ಕುಡಿದಿದ್ದಾಳೆ ಅಂದುಕೊಂಡ. ಇಲ್ಲ ಸ್ವಾಮಿ, ಮನಸ್ಸಿನ ಸಂಕಟ ಹೊಯ್ದುಕೊಳ್ಳುತ್ತಿದ್ದೆ ಅಂದಳು. ಏನು ಕೇಳಿದೆ ಅಂತ ಅವಳು ಹೇಳಲೂ ಇಲ್ಲ, ಅವನು ಕೇಳಲೂ ಇಲ್ಲ. ನೀನು ಬೇಡಿದ್ದನ್ನು ದೇವರು ಕೊಡಲಿ, ಸಮಾಧಾನದಿಂದ ಹೋಗು ಅಂದ. ಆಮೇಲೆ ಬರುವ ಒಂದು ಸಾಲು ಇದೆ, ನಾನು ಎಷ್ಟೋ ವರ್ಷ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗಿದ್ದೆ. ಅವಳು ಹೋಗಿ ಊಟ ಮಾಡಿದಳು, ಆಮೇಲೆ ಅವಳ ಮುಖ ಮೊದಲಿನಂತೆ ಬಾಡಿರಲಿಲ್ಲ. ಮಗು ಇನ್ನೂ ಹುಟ್ಟಿಲ್ಲ. ಗರ್ಭವೂ ನಿಂತಿಲ್ಲ. ಸವತಿ ಇನ್ನೂ ಅದೇ ಮನೆಯಲ್ಲಿದ್ದಾಳೆ. ಏನೂ ಬದಲಾಗಿಲ್ಲ, ಊಟ ಮಾಡಿದಳು.

ನಾನು ಒಂದು ಕಾಲದಲ್ಲಿ ನಂಬಿಕೆ ಅಂದರೆ ಎದೆಯಲ್ಲಿ ಏನೋ ಒಂದು ಗಟ್ಟಿ ಭರವಸೆ ಉಕ್ಕಬೇಕು, ಅದು ಉಕ್ಕುವ ತನಕ ಮೊಣಕಾಲಿಂದ ಏಳಬಾರದು ಅಂದುಕೊಂಡಿದ್ದೆ. ನನಗೆ ಉಕ್ಕಿದ್ದು ಕಡಿಮೆ. ಈಗ ಎದ್ದ ಮೇಲೆ ಏನು ಮಾಡ್ತೀನಿ ಅಂತ ನೋಡಿಕೊಳ್ಳುತ್ತೇನೆ. ತಟ್ಟೆ ಮುಂದೆ ಕೂತು ಉಣ್ತೀನಾ, ಮಗಳ ಹೋಂವರ್ಕ್ ನೋಡುವಾಗ ಅವಳನ್ನೇ ನೋಡ್ತೀನಾ, ಇಲ್ಲ ಮನಸ್ಸಿನಲ್ಲೇ ಮೇಲ್ ತೆರೀತೀನಾ. ಎಷ್ಟೋ ದಿನ ಮೇಲೇ ತೆರೆದಿರುತ್ತೇನೆ. ಆಗ ಮತ್ತೆ ಹೋಗಿ ಹರಡಬೇಕಾಗುತ್ತೆ. ಒಂದೇ ದಿನ ನಾಲ್ಕೈದು ಸಲ ಹರಡಿದ್ದೂ ಇದೆ.

ಕೆಲಸ ಸಿಕ್ಕಿತಾ ಅಂತ ಕೇಳ್ತೀರಿ. ಐದು ತಿಂಗಳ ಮೇಲೆ ಒಂದು ಸಿಕ್ಕಿತು. ಸಂಬಳ ಮೊದಲಿಗಿಂತ ಕಡಿಮೆ, ಅದೂ ಒಂದು ವರ್ಷದ ಒಪ್ಪಂದ. ನಾನು ಅರ್ಜಿಯಲ್ಲಿ ಬರೆದ ಯಾವುದರ ಜೊತೆಯೂ ಅದು ಹೊಂದುವುದಿಲ್ಲ. ಇದು ಉತ್ತರವಾ, ಅಥವಾ ಉತ್ತರ ಇನ್ನೂ ಬರಬೇಕಾ ಅಂತ ಕೆಲವರು ಕೇಳಿದರು. ನನಗೆ ಗೊತ್ತಿಲ್ಲ, ಬೆಳಿಗ್ಗೆ ಎದ್ದು ಹೋಗ್ತಾ ಇದ್ದೀನಿ. ಒಪ್ಪಂದ ಮುಗಿಯೋಕೆ ಇನ್ನು ಕೆಲವು ವಾರ ಇದೆ, ಮುಂದುವರಿಸುತ್ತಾರಾ ಇಲ್ವಾ ಅಂತ ಇನ್ನೂ ಹೇಳಿಲ್ಲ. ನಿನ್ನೆ ರಾತ್ರಿ ಪ್ರಾರ್ಥನೆಗೆ ಕೂತಾಗ ನಾನು ಬಾಯಿ ತೆರೆಯುವ ಮುಂಚೆ ಅವಳು ಕೇಳಿದಳು, "ಇವತ್ತು ದೊಡ್ಡದು ಯಾರು ಕೇಳೋದು, ನಿದ್ದೆ ಯಾರು ಕೇಳೋದು?"

ನಿದ್ದೆ ನಾನೇ ಕೇಳಿದೆ.